ಏರ್ ರೈಫಲ್ ಟ್ರಿಗರ್ ಹಗುರ ಮಾಡೋಕೆ ನಾಲ್ಕು ದಾರಿ: ಕಾಫಿ ಕಣದಲ್ಲಿ ಟ್ರೈ ಮಾಡಿ ನೋಡಿದ್ದು

ನಮ್ಮ ಅಕ್ಕನ ಮಗಳು ಪುಟ್ಟಿ ಎನ್‌ಸಿಸಿ ಕ್ಯಾಂಪ್‌ಗೆ ಹೋಗಿ .22 ರೈಫಲ್ ಹೊಡೆದು ಬಂದಾಗಿಂದ ಶೂಟಿಂಗ್ ಹುಚ್ಚು ಹಿಡಿಸ್ಕೊಂಡಿದ್ದಾಳೆ, ರಜಕ್ಕೆ ನಮ್ಮೂರು ಆಲ್ದೂರಿಗೆ ಬಂದ್ರೆ ಸಾಕು ಬ್ಯಾಗ್ ಇಡೋಕೂ ಮುಂಚೆ ನನ್ನ ಏರ್ ರೈಫಲ್ ಎಲ್ಲಿ ಅಂತ ಕೇಳ್ತಾಳೆ. ಹೋದ ಸಲ ಬಂದಾಗ ಹತ್ತು ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಹೊಡೆದು ಬೆರಳು ತೋರಿಸಿದ್ಲು, ಟ್ರಿಗರ್ ಒತ್ತಿದ ಜಾಗ ಕೆಂಪಗೆ ಗೆರೆ ಬಿದ್ದಿತ್ತು. "ಮಾವ, ಇದು ಯಾವಾಗ ಬಿಡುತ್ತೆ ಅಂತಾನೇ ಗೊತ್ತಾಗಲ್ಲ" ಅಂದ್ಲು. ಆ ಮಾತು ನನ್ನ ತಲೇಲಿ ಕೂತ್ಕೊಂಡ್ಬಿಡ್ತು, ಯಾಕಂದ್ರೆ ಅವಳು ಭಾರ ಅಂತ ಹೇಳ್ಲಿಲ್ಲ, ಗೊತ್ತಾಗಲ್ಲ ಅಂದ್ಲು. ಎರಡೂ ಬೇರೆ ಬೇರೆ ಸಮಸ್ಯೆ ಅಂತ ನನಗೆ ಅರ್ಥ ಆಗಿದ್ದು ಇಷ್ಟೆಲ್ಲ ಟ್ರೈ ಮಾಡಿದ ಮೇಲೆ.

ರೈಫಲ್ ನಮ್ಮ ದೇಶದಲ್ಲೇ ಮಾಡಿದ ಸಾಧಾರಣ ಬ್ರೇಕ್ ಬ್ಯಾರೆಲ್, ಸ್ಪ್ರಿಂಗ್ ಪಿಸ್ಟನ್, ಅಂದ್ರೆ ಬ್ಯಾರೆಲ್ ಮಡಚಿದ್ರೆ ಒಳಗಿನ ಸ್ಪ್ರಿಂಗ್ ಬಿಗಿಯಾಗಿ, ಟ್ರಿಗರ್ ಎಳೆದಾಗ ಪಿಸ್ಟನ್ ಓಡಿ ಗಾಳಿ ಒತ್ತಿ ಪೆಲೆಟ್ ಹಾರಿಸೋದು; ಬ್ಯಾರೆಲ್ ತೂತಿನ ಅಳತೆ .177 ಇಂಚು. ಟ್ರಿಗರ್ ಸ್ಪೇನಿನ ಗಾಮೋ ಕಂಪನಿ ಮಾದರಿದು, ಬ್ಲೇಡ್, ಅಂದ್ರೆ ಬೆರಳಿಟ್ಟು ಎಳೆಯೋ ಭಾಗ, ಪ್ಲಾಸ್ಟಿಕ್. ಹೊಸ ರೈಫಲ್ ತಗೊಳೋ ದುಡ್ಡಿಲ್ಲ, ಜರ್ಮನ್ ಕಂಪನಿಗಳಾದ ಡಯಾನಾದ ಟಿ06 ಅಥವಾ ವೈರಾಖ್‌ನ ರೆಕಾರ್ಡ್ ಟ್ರಿಗರ್ ಬಗ್ಗೆ ಓದಿ ಆಸೆ ಪಡಬಹುದು ಅಷ್ಟೇ. ಮೂರು ಸಾವಿರದ ಒಳಗೆ ಏನಾಗುತ್ತೋ ಅದನ್ನೇ ಮಾಡೋಣ ಅಂತ ಶುರು ಮಾಡ್ದೆ.

ಮೊದಲು ಒಂದು ಮಾತು ಹೇಳ್ಬೇಕು. ಇದೆಲ್ಲ ಲೈಸೆನ್ಸ್ ಬೇಡದ ಏರ್ ರೈಫಲ್‌ಗೆ ಮಾತ್ರ, ಅಂದ್ರೆ .177 ದಾಟದ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್. ಟ್ರಿಗರ್ ಮುಟ್ಟಿದ್ರೆ ಪವರ್ ಏನೂ ಬದಲಾಗಲ್ಲ. ಮನೇಲಿ ಅಪ್ಪನ ಕಾಲದ ಲೈಸೆನ್ಸ್ ಕೋವಿ ಇದೆ ಅಂತ ಎಲೆಕ್ಷನ್ ಮುಗಿದು ಸ್ಟೇಷನ್ನಿಂದ ಬಿಡಿಸ್ಕೊಂಡು ಬಂದ ತಕ್ಷಣ ಅದನ್ನ ಬಿಚ್ಚೋಕೆ ಕೂರಬೇಡಿ, ಅದರ ರಿಪೇರಿಗೆ ಲೈಸೆನ್ಸ್ ಇರೋರೇ ಬೇಕು. ಮತ್ತೆ ಏರ್‌ಗನ್ ಅಂದ್ರೆ ಹಕ್ಕಿ ಹೊಡೆಯೋಕೆ ಅಂದ್ಕೊಳೋರು ಮಲೆನಾಡಲ್ಲಿ ಇನ್ನೂ ಇದ್ದಾರೆ, ನಮ್ಮ ಕಣದಲ್ಲಿ ಪೇಪರ್ ಟಾರ್ಗೆಟ್ ಬಿಟ್ಟು ಬೇರೆ ಯಾವುದಕ್ಕೂ ಈಡು ಇಲ್ಲ.

ಹೋಲಿಸ್ಬೇಕು ಅಂದ್ರೆ ಅಳತೆ ಬೇಕಲ್ಲ, ಟ್ರಿಗರ್ ತೂಕ, ಅಂದ್ರೆ ಅದು ಬಿಡೋಕೆ ಎಷ್ಟು ಜೋರಲ್ಲಿ ಎಳೀಬೇಕು ಅನ್ನೋದನ್ನ ನೋಡೋ ಗೇಜ್ ನನ್ನ ಹತ್ರ ಇಲ್ಲ. ರೈಫಲ್ಲನ್ನ ಬಾಯಿ ಮೇಲೆ ಮಾಡಿ ಕಣದ ಶೆಡ್ ಕಂಬಕ್ಕೆ ಕಟ್ಟಿ, ಮೇಲ್ಗಡೆ ಮರಳು ತುಂಬಿದ ಗೋಣಿಚೀಲ ಬಿಗಿದು, ಟ್ರಿಗರ್‌ಗೆ ದಾರದಲ್ಲಿ ಎರಡು ಲೀಟರ್‌ನ ಎರಡು ಖಾಲಿ ಬಾಟಲಿ ನೇತುಹಾಕಿ, ಲೋಟದಲ್ಲಿ ಸ್ವಲ್ಪ ಸ್ವಲ್ಪ ನೀರು ಹುಯ್ಯುತ್ತಾ ಹೋಗೋದು, ಬಿಟ್ಟ ತಕ್ಷಣ ನಿಲ್ಲಿಸಿ ಬಾಟಲಿನ ಅಡಿಗೆಮನೆ ಸ್ಕೇಲ್ ಮೇಲೆ ಇಡೋದು. ಪ್ರತಿ ಸಲವೂ ಪೆಲೆಟ್ ಹಾಕ್ಲೇಬೇಕು, ಯಾಕಂದ್ರೆ ಸ್ಪ್ರಿಂಗ್ ರೈಫಲ್ಲನ್ನ ಖಾಲಿ ಹೊಡೆದ್ರೆ ಮುಂದೆ ಗಾಳಿಗೆ ತಡೆ ಇಲ್ದೆ ಪಿಸ್ಟನ್ ಹೋಗಿ ಗುದ್ದಿ ಸೀಲ್ ಹಾಳಾಗುತ್ತೆ. ಹಂಗೆ ಐದು ಸಲ ಅಳೆದಾಗ ಕಂಪನಿಯಿಂದ ಬಂದ ಟ್ರಿಗರ್ ಒಂದ್ಸಲ 2.6 ಕೆಜಿ, ಇನ್ನೊಂದ್ಸಲ 3.2. ಸರಾಸರಿ 2.9. ರೈಫಲ್ ತೂಕಾನೇ ಮೂರು ಕೆಜಿ ಚಿಲ್ಲರೆ ಇರೋದು! ರೈಫಲ್ ಎಷ್ಟು ಭಾರ ಇದ್ಯೋ ಹೆಚ್ಚುಕಮ್ಮಿ ಅಷ್ಟೇ ಜೋರಲ್ಲಿ ಒಂದು ಬೆರಳಲ್ಲಿ ಎಳೆದ್ರೆ ಗುರಿ ಹೆಂಗೆ ನಿಲ್ಲುತ್ತೆ ಹೇಳಿ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್, 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಅದೇ ಈವೆಂಟ್‌ನಲ್ಲಿ, ಆ ರೈಫಲ್‌ಗಳ ಟ್ರಿಗರ್ ಗ್ರಾಂ ಲೆಕ್ಕದಲ್ಲಿ ಇರುತ್ತೆ, ನಮ್ಮದು ಕೆಜಿ ಲೆಕ್ಕದಲ್ಲಿ.

ಭಾರದ ಟ್ರಿಗರ್ ಇನ್ನೊಂದು ತೊಂದರೆ ಕೊಡುತ್ತೆ, ಇದನ್ನ ಯಾರೂ ಅಷ್ಟಾಗಿ ಹೇಳಲ್ಲ. ಸ್ಪ್ರಿಂಗ್ ರೈಫಲ್ಲನ್ನ ಸಡಿಲವಾಗಿ, ಅಂಗೈ ಮೇಲೆ ಸುಮ್ನೆ ಇಟ್ಕೊಂಡಂಗೆ ಹಿಡಿಬೇಕು, ಪಿಸ್ಟನ್ ಓಡಿದಾಗ ಅದು ಹಿಂದೆ ಮುಂದೆ ಜಿಗಿಯುತ್ತೆ, ಪ್ರತಿ ಸಲ ಒಂದೇ ತರ ಜಿಗಿಯೋಕೆ ಬಿಟ್ರೆ ಮಾತ್ರ ಒಂದೇ ಜಾಗಕ್ಕೆ ಬೀಳುತ್ತೆ. ಟ್ರಿಗರ್ ಗಟ್ಟಿ ಇದ್ರೆ ಕೈ ತಾನಾಗೇ ಬಿಗಿ ಆಗುತ್ತೆ, ಬಿಗಿ ಆದಷ್ಟೂ ಪೆಲೆಟ್ ಚೆದುರುತ್ತೆ. 20 ಮೀಟರ್‌ನಲ್ಲಿ ಹತ್ತು ಪೆಲೆಟ್ ಗ್ರೂಪ್, ಅಂದ್ರೆ ಟಾರ್ಗೆಟ್ ಮೇಲೆ ತೂತುಗಳು ಹರಡಿದ ಅಗಲ, ನನ್ನದು 38 ಮಿಲಿಮೀಟರ್, ಅವಳದ್ದು 52. ಟಾರ್ಗೆಟ್ ಹಿಂದೆ ಮರಳಿನ ಗೋಣಿಚೀಲ, ಅದರ ಹಿಂದೆ ಮಣ್ಣಿನ ದರೆ, ಒಂದೇ ಡಬ್ಬಿಯ ಪೆಲೆಟ್, ಬೆಳಿಗ್ಗೆ ಗಾಳಿ ಏಳೋಕೆ ಮುಂಚೆ.

ಪಾಲಿಶ್ ಮಾಡಿದ್ಮೇಲೆ ಅದನ್ನ ವಾಪಸ್ ಮಾಡೋಕಾಗಲ್ಲ, ಅದಕ್ಕೆ ಅದನ್ನ ಕೊನೆಗಿಟ್ಟು ಬಿಚ್ಚಿ ತೆಗೀಬಹುದಾದ್ದನ್ನ ಮೊದಲು ನೋಡ್ದೆ.

ಮೊದಲನೇದು ಉದ್ದದ ಸ್ಕ್ರೂ. ಈ ಟ್ರಿಗರ್‌ನಲ್ಲಿ ಅಡ್ಜಸ್ಟ್ ಮಾಡೋ ಒಂದು ಸಣ್ಣ ಸ್ಕ್ರೂ ಇರುತ್ತೆ, ಕಂಪನಿದು ಗಿಡ್ಡ, ಪೂರ್ತಿ ತಿರುಗಿಸಿದ್ರೂ ಏನೂ ಆಗಲ್ಲ. ಅದೇ ದಪ್ಪ ಅದೇ ಥ್ರೆಡ್, ಉದ್ದ ಮಾತ್ರ ಸ್ವಲ್ಪ ಜಾಸ್ತಿ ಇರೋದು ಬೇಕು. ಹಳೇ ಸ್ಕ್ರೂನ ಜೇಬಲ್ಲಿ ಹಾಕ್ಕೊಂಡು ಹಾಸನಕ್ಕೆ ಬೇರೆ ಕೆಲಸಕ್ಕೆ ಹೋದಾಗ ಬಿ.ಎಂ. ರಸ್ತೇಲಿ ನಟ್ ಬೋಲ್ಟ್ ಅಂಗಡೀಲಿ ತೋರಿಸ್ದೆ, ಅವರು ಡಬ್ಬಿ ಕೆದಕಿ ಮೂರು ಸೈಜ್ ಕೊಟ್ರು, ಎಲ್ಲಾ ಸೇರಿ ಹತ್ತು ರೂಪಾಯಿ. ಹಾಕೋಕೆ ಹತ್ತು ನಿಮಿಷ. ತೂಕ 2.8, ಅಂದ್ರೆ ಏನೂ ಕಮ್ಮಿ ಆಗ್ಲಿಲ್ಲ ಅನ್ನಿ. ಆದ್ರೆ ಮೊದಲು ಎಳೀತಾ ಇದ್ರೆ ಜರ ಜರ ಅಂತ ಜಾರ್ಕೊಂಡು ಬಂದು ಎಲ್ಲೋ ಒಂದು ಕಡೆ ಬಿಡ್ತಿತ್ತಲ್ಲ, ಕ್ರೀಪ್ ಅಂತಾರೆ ಅದಕ್ಕೆ, ಅದು ಅರ್ಧಕ್ಕರ್ಧ ಹೋಯ್ತು. ಈಗ ಒಂದು ಕಡೆ ಬಂದು ತಡೆಯುತ್ತೆ, ಅಲ್ಲಿಂದ ಸ್ವಲ್ಪ ಒತ್ತಿದ್ರೆ ಬಿಡುತ್ತೆ. ಗ್ರೂಪ್ ನನ್ನದು 30, ಅವಳದ್ದು 39. ತೂಕ ಹಂಗೇ ಇದ್ದು ಗ್ರೂಪ್ ಇಷ್ಟು ಇಳಿದಿದ್ದು ನೋಡಿ ನಾನು ಇನ್ನೊಂದು ಟಾರ್ಗೆಟ್ ಅಂಟಿಸಿ ಮತ್ತೆ ಹೊಡೆದೆ, 31 ಬಂತು.

ಎರಡನೇದು ಅಲ್ಯೂಮಿನಿಯಂ ಬ್ಲೇಡ್, ಕೊರಿಯರ್ ಸೇರಿ 2,800. ಕಂಪನಿ ಸ್ಕ್ರೂನೇ ವಾಪಸ್ ಹಾಕಿ ಇದನ್ನ ಒಂದನ್ನೇ ಪರೀಕ್ಷೆ ಮಾಡ್ದೆ. ಬ್ಲೇಡ್‌ನ ಒಂದು ಪಿನ್ ಹೊಡೆದು ತೆಗೆದು ಹೊಸದು ಕೂರಿಸೋದು, ಅರ್ಧ ಗಂಟೆ ಕೆಲಸ. ಲಿವರ್ ಲೆಕ್ಕಾಚಾರ ಬದಲಾಗೋದ್ರಿಂದ ತೂಕ ಒಂದೇ ಏಟಿಗೆ 1.9ಕ್ಕೆ ಬಂತು, ಪ್ಲಾಸ್ಟಿಕ್ ಬಗ್ಗೋದು ನಿಂತು ಬೆರಳಿಗೆ ಗಟ್ಟಿ ಆಧಾರ ಸಿಕ್ತು, ಅದರಲ್ಲೇ ಎರಡು ಸ್ಕ್ರೂ ಇದೆ, ಒಂದು ಫಸ್ಟ್ ಸ್ಟೇಜ್‌ಗೆ, ಅಂದ್ರೆ ತಡೆಯೋವರೆಗಿನ ಎಳೆತಕ್ಕೆ, ಇನ್ನೊಂದು ಸೆಕೆಂಡ್ ಸ್ಟೇಜ್‌ಗೆ, ಅಂದ್ರೆ ಅಲ್ಲಿಂದ ಬಿಡೋವರೆಗಿನ ಎಳೆತಕ್ಕೆ. ಪುಟ್ಟಿ ಬೆರಳು ಚಿಕ್ಕದು, ಹಳೇ ಬ್ಲೇಡ್‌ಗೆ ತುದಿ ಮಾತ್ರ ತಾಗ್ತಿತ್ತು, ಇದಕ್ಕೆ ಬೆರಳಿನ ಮೊದಲ ಗೆಣ್ಣಿನ ಮೆತ್ತಗಿನ ಭಾಗ ಸರಿಯಾಗಿ ಕೂರುತ್ತೆ. ನನ್ನದು 26, ಅವಳದ್ದು 28. ಚೆನ್ನಾಗಿದೆ, ಒಳ್ಳೇ ವಸ್ತು, ಅದರಲ್ಲಿ ಎರಡು ಮಾತಿಲ್ಲ.

ಮೂರನೇದು ಸ್ಪ್ರಿಂಗ್. ಟ್ರಿಗರ್ ಒಳಗಿನ ಸ್ಪ್ರಿಂಗ್ ತೆಗೆದು ಪೆನ್ ಸ್ಪ್ರಿಂಗ್ ಹಾಕಿ, ಇಲ್ಲಾಂದ್ರೆ ಇರೋದನ್ನೇ ಎರಡು ಸುತ್ತು ಕತ್ತರಿಸಿ ಅಂತ ತುಂಬಾ ಜನ ಹೇಳ್ತಾರೆ, ಖರ್ಚು ಸೊನ್ನೆ. ನಾನೂ ಪೆನ್ ಸ್ಪ್ರಿಂಗ್ ಹಾಕಿ ನೋಡ್ದೆ. ತೂಕ 1.2, ಬೆರಳಿಗೆ ಬೆಣ್ಣೆ ಇದ್ದಂಗೆ ಇತ್ತು, ಅವತ್ತಿನ ಬೆಸ್ಟ್ ಗ್ರೂಪ್ ಅದರಲ್ಲೇ ಬಂತು, 23. ಪುಟ್ಟಿಗೆ ಕೊಡೋಕೆ ಮುಂಚೆ ಒಂದು ಪರೀಕ್ಷೆ ಇದೆ, ಅದನ್ನ ಪ್ರತಿ ಸಲವೂ ಮಾಡ್ತಿದ್ದೆ: ಪೆಲೆಟ್ ಹಾಕಿ, ಬ್ಯಾರೆಲ್ ಪೂರ್ತಿ ಮುಚ್ಚಿ, ಬಾಯಿನ ಮರಳುಚೀಲಕ್ಕೆ ಹಿಡಿದು, ಟ್ರಿಗರ್‌ನಿಂದ ಬೆರಳು ದೂರ ಇಟ್ಟು, ಹಿಡಿಕೆ ಹಿಂಭಾಗಕ್ಕೆ ರಬ್ಬರ್ ಸುತ್ತಿಗೇಲಿ ಮೆಲ್ಲಗೆ ನಾಲ್ಕು ಏಟು. ಎರಡನೇ ಏಟಿಗೆ ಢಪ್ ಅಂತ ಬಿಡ್ತು. ಯಾರೂ ಟ್ರಿಗರ್ ಮುಟ್ಟಿಲ್ಲ. ಪೆಲೆಟ್ ಮರಳಿಗೆ ಹೋಯ್ತು, ಅವಳು ನನ್ನ ಹಿಂದೇನೇ ನಿಂತಿದ್ಲು, ಆದ್ರೂ ನನ್ನ ಕೈ ನಡುಗೋದು ಸ್ವಲ್ಪ ಹೊತ್ತು ನಿಲ್ಲಲಿಲ್ಲ. ಯಾಕೆ ಅಂದ್ರೆ ಆ ಸ್ಪ್ರಿಂಗ್ ಇರೋದು ಬೆರಳಿಗೆ ಭಾರ ಮಾಡೋಕಲ್ಲ, ಪಿಸ್ಟನ್ ಹಿಡ್ಕೊಂಡಿರೋ ಕೊಕ್ಕೆ, ಅಂದ್ರೆ ಸಿಯರ್, ಅದನ್ನ ಅದರ ಜಾಗದಲ್ಲಿ ಒತ್ತಿ ಕೂರಿಸೋಕೆ. ಅದನ್ನ ಬಲಹೀನ ಮಾಡಿದ್ರೆ ಸಣ್ಣ ತಟ್ಟಿಗೂ ಜಾರುತ್ತೆ. ಬ್ರೇಕ್ ಬ್ಯಾರೆಲ್‌ನಲ್ಲಿ ಇದು ಇನ್ನೂ ಕೆಟ್ಟದ್ದು, ಬ್ಯಾರೆಲ್ ಮಡಚಿ ಪೆಲೆಟ್ ಹಾಕ್ತಿರೋವಾಗ ಜಾರಿದ್ರೆ ಬ್ಯಾರೆಲ್ ಚಟಾರಂತ ವಾಪಸ್ ಬಂದು ಮಧ್ಯ ಸಿಕ್ಕ ಬೆರಳು ಮುರಿದೇ ಹೋಗುತ್ತೆ. ಅವತ್ತೇ ಹಳೇ ಸ್ಪ್ರಿಂಗ್ ವಾಪಸ್ ಹಾಕ್ದೆ, ಕತ್ತರಿಸದೇ ಇಟ್ಕೊಂಡಿದ್ದು ಒಳ್ಳೇದಾಯ್ತು. 23 ಮಿಲಿಮೀಟರ್ ಟಾರ್ಗೆಟ್ ಪೇಪರ್ ಹರಿದು ಹಾಕ್ದೆ. ಯಾರು ಏನೇ ಹೇಳ್ಲಿ, ಈ ದಾರಿ ಬೇಡ.

ಕೊನೇದು ಪಾಲಿಶ್, ದುಡ್ಡು ಕಮ್ಮಿ ಕೆಲಸ ಜಾಸ್ತಿ. ಟ್ರಿಗರ್ ಸೆಟ್ ಹೊರಗೆ ತೆಗೀಬೇಕು ಅಂದ್ರೆ ಅದರ ಪಿನ್‌ಗಳ ಮೇಲೆ ಮೇನ್ ಸ್ಪ್ರಿಂಗ್, ಅಂದ್ರೆ ಪಿಸ್ಟನ್ ತಳ್ಳೋ ದೊಡ್ಡ ಸ್ಪ್ರಿಂಗ್, ಅದರ ಒತ್ತಡ ಇರುತ್ತೆ, ಸುಮ್ನೆ ಪಿನ್ ಹೊಡೆದ್ರೆ ಸ್ಪ್ರಿಂಗ್ ಮುಖಕ್ಕೆ ಬರುತ್ತೆ. ಊರಲ್ಲಿ ನಮ್ಮ ಬಡಗಿ ಹತ್ರ ಬಾಗಿಲು ಚೌಕಟ್ಟು ಬಿಗಿಯೋ ಉದ್ದದ ಕ್ಲಾಂಪ್ ಇದೆ, ಅವರ ಕೊಟ್ಟಿಗೇಲೇ ಕೂತು ರೈಫಲ್ಲನ್ನ ಅದಕ್ಕೆ ಬಿಗಿದು ಮೆಲ್ಲಗೆ ಬಿಚ್ಚಿದ್ವಿ. ಒಳಗೆ ನೋಡಿದ್ರೆ ಬೇಜಾರಾಯ್ತು, ಕೊಕ್ಕೆಗಳು ಒಂದಕ್ಕೊಂದು ತಾಗೋ ಮುಖದ ಮೇಲೆ ಅಚ್ಚು ಹೊಡೆದಾಗಿನ ಗೀರು ಹಂಗೇ ಇದೆ, ಫೋನ್ ಕ್ಯಾಮೆರಾ ಜೂಮ್ ಮಾಡಿದ್ರೆ ಉತ್ತ ಗದ್ದೆ ತರ ಕಾಣ್ತಿತ್ತು, ನಮ್ಮ ಮಳೆಗಾಲದ ತೇವಕ್ಕೆ ಮೂಲೆಗಳಲ್ಲಿ ತುಕ್ಕು ಬೇರೆ. ಆ ಜರ ಜರ ಎಲ್ಲಿಂದ ಬರ್ತಿತ್ತು, ತೂಕ ಯಾಕೆ ಒಂದೊಂದ್ಸಲ ಒಂದೊಂದು ತರ ಅಂತ ಆಗ ಗೊತ್ತಾಯ್ತು. ಸೀಮೆಎಣ್ಣೇಲಿ ತೊಳೆದು, 1500 ಆಮೇಲೆ 2000 ನಂಬರ್ ವಾಟರ್ ಪೇಪರ್‌ನ ಗಾಜಿನ ಮೇಲೆ ಇಟ್ಟು ಉಜ್ಜಿ, ಬ್ರಾಸೋ ಹಚ್ಚಿ ಹೊಳಪು ಬರಿಸಿ, ಮೋಲಿ ಗ್ರೀಸ್ ಕಡ್ಡಿ ತುದೀಲಿ ಒಂಚೂರು. ಒಟ್ಟು 220 ರೂಪಾಯಿ. ಇಲ್ಲಿ ಒಂದು ಎಚ್ಚರ, ಉಜ್ಜೋದು ಗೀರು ಹೋಗೋಕೆ ಮಾತ್ರ, ಅರ ಹಾಕಿ ಕೋನ ಬದಲಾಯಿಸೋಕೆ ಹೋಗಬೇಡಿ, ಗಟ್ಟಿ ಮಾಡಿರೋದು ಮೇಲಿನ ತೆಳು ಪದರ ಮಾತ್ರ, ಅದು ಸವೆದು ಒಳಗಿನ ಮೆತ್ತಗಿನ ಕಬ್ಬಿಣ ಬಂದ್ರೆ ಸೆಟ್ಟೇ ಹೋಯ್ತು.

ಪಾಲಿಶ್ ಒಂದರಿಂದಾನೇ 2.3 ಕೆಜಿ, ಅದಕ್ಕಿಂತ ಮುಖ್ಯ ಐದು ಸಲ ಅಳೆದ್ರೆ ಐದು ಸಲಾನೂ ನೂರು ಗ್ರಾಂ ಒಳಗೇ. ಗ್ರೂಪ್ 29, 37. ಆಮೇಲೆ ಹತ್ತು ರೂಪಾಯಿ ಸ್ಕ್ರೂನೂ ಸೇರಿಸ್ದೆ ನೋಡಿ, 2.2 ಕೆಜಿ, ಆದ್ರೆ ಒಣಗಿದ ಕಡ್ಡಿ ಮುರಿದಂಗೆ ಪಟ್ ಅಂತ ಬಿಡುತ್ತೆ, ಗ್ರೂಪ್ ನನ್ನದು 25. 2,800ರ ಬ್ಲೇಡ್ ಕೊಟ್ಟಿದ್ದು 26, ಇದು 230ಕ್ಕೆ 25! ಒಂದು ಮಿಲಿಮೀಟರ್ ವ್ಯತ್ಯಾಸ ಲೆಕ್ಕಕ್ಕೆ ಬರಲ್ಲ, ಎರಡೂ ಸಮ ಅನ್ನೋಣ. ಆದ್ರೆ ಪುಟ್ಟಿದು ಇದರಲ್ಲಿ 32ಕ್ಕೆ ನಿಲ್ತು, ಬ್ಲೇಡ್‌ನಲ್ಲಿ 28 ಇತ್ತು. ಅವಳ ಕೈಗೆ ತೂಕ ಇಳಿಯೋದೂ ಬೇಕು, ಬೆರಳು ಕೂರೋ ಜಾಗಾನೂ ಬೇಕು.

ಹಂಗಾಗಿ ದೊಡ್ಡವರ ಕೈಗಾದ್ರೆ ಪಾಲಿಶ್ ಪ್ಲಸ್ ಸ್ಕ್ರೂ ಸಾಕು, ಬ್ಲೇಡ್‌ಗೆ ದುಡ್ಡು ಹಾಕೋ ಬದಲು ಅದರಲ್ಲಿ ಒಳ್ಳೇ ಪೆಲೆಟ್ ತಗೊಳ್ಳಿ. ಬಿಚ್ಚೋ ಧೈರ್ಯ ಇಲ್ಲ, ಕ್ಲಾಂಪ್ ಇಲ್ಲ ಅಂದ್ರೆ ಸ್ಕ್ರೂ ಒಂದನ್ನೇ ಮಾಡಿ, ಅದೇ ಅರ್ಧ ದಾರಿ ಮುಟ್ಟಿಸುತ್ತೆ. ಮಕ್ಕಳು, ಚಿಕ್ಕ ಕೈಯೋರು ಹೊಡೆಯೋದಾದ್ರೆ ಬ್ಲೇಡ್ ದುಡ್ಡಿಗೆ ಮೋಸ ಇಲ್ಲ, ಆದ್ರೆ ಬ್ಲೇಡ್ ಹಾಕಿದ್ಮೇಲೆ ಉದ್ದದ ಸ್ಕ್ರೂ ಜೊತೆಗೆ ಸೇರಿಸಬೇಡಿ, ಎರಡೂ ಒಂದೇ ಕೆಲಸ ಮಾಡೋದ್ರಿಂದ ಕೊಕ್ಕೆ ಹಿಡಿತ ತೀರಾ ತೆಳ್ಳಗಾಗುತ್ತೆ.

ಈಗ ರೈಫಲ್‌ನಲ್ಲಿ ಪಾಲಿಶ್ ಜೊತೆ ಬ್ಲೇಡ್ ಇದೆ, 1.6 ಕೆಜಿ, ಸುತ್ತಿಗೆ ಪರೀಕ್ಷೇಲಿ ಪಾಸ್, ಪುಟ್ಟಿ ಗ್ರೂಪ್ 25. ಸುಮಾರು 300 ಪೆಲೆಟ್ ಆದ್ಮೇಲೆ ನೋಡಿದ್ರೆ ರೈಫಲ್ ಕುಲುಕಾಟಕ್ಕೆ ಸೆಕೆಂಡ್ ಸ್ಟೇಜ್ ಸ್ಕ್ರೂ ಕಾಲು ಸುತ್ತು ತಿರುಗಿತ್ತು. ಸ್ಕ್ರೂ ಸಡಿಲ ಆಗದಂಗೆ ಹಚ್ಚೋ ಥ್ರೆಡ್ ಲಾಕರ್ ಅಂಟು ಮನೇಲಿರಲಿಲ್ಲ, ಅವಳೇ ಹೋಗಿ ನೇಲ್ ಪಾಲಿಶ್ ತಂದು ಸ್ಕ್ರೂ ತಲೆ ಮೇಲೆ ಒಂದು ಹನಿ ಹಾಕಿದ್ಲು. ಈಗ ಪ್ರತಿ ಸಲ ಹೊಡೆಯೋಕೆ ಮುಂಚೆ ಆ ಕೆಂಪು ಹನಿ ಬಿರುಕು ಬಿಟ್ಟಿದ್ಯಾ ಅಂತ ನೋಡ್ತೀವಿ, ಬಿಟ್ಟಿದ್ರೆ ಅವತ್ತು ಮೊದಲು ಸುತ್ತಿಗೆ, ಆಮೇಲೆ ಟಾರ್ಗೆಟ್.