ಊಟಿಯ ಚಳಿಗೆ ಶಾಲೋ, ಸ್ವೆಟರೋ, ಜಾಕೆಟ್ಟೋ?

ಮೇ ತಿಂಗಳಲ್ಲಿ ಕಲಬುರಗಿಯಿಂದ ಮೈಸೂರು ಮಾರ್ಗವಾಗಿ ಊಟಿಗೆ ಹೊರಟಿರುವ ನೆರೆಮನೆಯ ತಾಯಿ, ಮಗಳು ಕೇಳಿದ ಪ್ರಶ್ನೆಯಿದು. ಕಲಬುರಗಿಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ರಾತ್ರಿ ಚಳಿ, ಆಗಾಗ ಮಳೆ. ಹೀಗಾಗಿ ಒಳಗೆ ಹತ್ತಿಬಟ್ಟೆಯೇ ಇರಲಿ. ಆಯ್ಕೆಯಿರುವುದು ಮೇಲುಡುಪಿನಲ್ಲಿ ಮಾತ್ರ.

ಉಣ್ಣೆಯ ಶಾಲು ಮಡಚಿದರೆ ಕೈಚೀಲದಲ್ಲಿಯೇ ಹಿಡಿಯುತ್ತದೆ, ರೈಲಿನ ಎ.ಸಿ. ಬೋಗಿಯಲ್ಲಿ ಹೊದಿಕೆಯಾಗುತ್ತದೆ, ಸೀರೆಯ ನೆರಿಗೆಯನ್ನೂ ಕೆಡಿಸುವುದಿಲ್ಲ. ಆದರೆ ಊಟಿಯ ಬಳಿಯ ಶಿಖರ ದೊಡ್ಡಬೆಟ್ಟದ ಗಾಳಿಯಲ್ಲಿ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚಹಾದ ಲೋಟ ಹಿಡಿದವಳ ಹೆಗಲ ಮೇಲೆ ಅದು ನಿಲ್ಲುವುದಿಲ್ಲ. ಮುಂದೆ ಗುಂಡಿಗಳಿರುವ ಸ್ವೆಟರ್ ಈ ತೊಂದರೆ ಕೊಡದು. ಬೀದರಿನ ಡಿಸೆಂಬರ್ ಚಳಿಗೂ ಬರುವುದರಿಂದ ಕೊಟ್ಟ ಹಣ ದಂಡವಾಗುವುದಿಲ್ಲ. ನೆನೆದರೆ ಮಾತ್ರ ಬೇಗ ಒಣಗದು.

ಮಳೆ, ಗಾಳಿ ಎರಡನ್ನೂ ತಡೆಯುವುದು ನೀರು ಇಳಿಯದ ಜಾಕೆಟ್ಟೇ. ಅದು ದುಬಾರಿ, ಕಲಬುರಗಿಗೆ ಮರಳಿದ ಮೇಲೆ ಕಪಾಟಿನಲ್ಲಿಯೇ ಉಳಿಯುವಂಥದ್ದು.

ಸೀರೆಯುಟ್ಟು ಹೆಚ್ಚಾಗಿ ವಾಹನದಲ್ಲಿಯೇ ಸುತ್ತುವ ತಾಯಿಗೆ ಶಾಲು ಸಾಕು. ಬೆಟ್ಟ ಹತ್ತುವ ಮಗಳಿಗೆ ಜಾಕೆಟ್ ಒಳಿತು. ಅಷ್ಟು ಖರ್ಚು ಬೇಡವೆಂದರೆ ಸ್ವೆಟರಿನ ಜೊತೆಗೆ ಒಂದು ಕೊಡೆ.