ಸ್ವೆಟರ್ ಬೇಡ ಅಂದ ಏಜೆಂಟು, ಡಾಂಬರಿನ ಮೇಲೆ ಮಲಗಿದ ಸಿಂಹ

ಟ್ರಾವೆಲ್ ಏಜೆನ್ಸಿಯ ಹುಡುಗ ಫೋನಿನಲ್ಲಿ ಹೇಳಿದ್ದ: "ಅಂಕಲ್, ಆಫ್ರಿಕಾ ಅಲ್ವಾ, ಬಿಸಿಲು ಜಾಸ್ತಿ. ಟೋಪಿ, ಕಾಟನ್ ಬಟ್ಟೆ ಇದ್ರೆ ಸಾಕು." ರಾಯಚೂರು ಜಿಲ್ಲೆಯವನಿಗೆ ಇವನು ಬಿಸಿಲಿನ ಪಾಠ ಮಾಡುತ್ತಾನಲ್ಲ ಎಂದು ನಕ್ಕಿದ್ದೆ. ಜುಲೈ ತಿಂಗಳ ಒಂದು ದಿನ, ಬೆಳಗಿನ ಐದು ಗಂಟೆಗೆ, ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ತೆರೆದ ವಾಹನದ ಮೇಲೆ ಲುಂಗಿಯನ್ನೇ ಶಾಲಿನಂತೆ ಹೊದ್ದು ಕೂತೆ. ಆಗ ನಗು ಬರಲಿಲ್ಲ.

ನಾನು ಹಟ್ಟಿ ಚಿನ್ನದ ಗಣಿಯಲ್ಲಿ ಫೋರ್‌ಮನ್ ಆಗಿ ನಿವೃತ್ತನಾದವನು. ಮಗ ಬೆಂಗಳೂರಿನ ಒಂದು ಏಜೆನ್ಸಿಯಲ್ಲಿ ನಮ್ಮಿಬ್ಬರಿಗೆ ಒಂಬತ್ತು ದಿನದ ಪ್ಯಾಕೇಜ್ ಮಾಡಿಸಿದ. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಒಂದು ದಿನ ಬೋಟ್ಸ್‌ವಾನಾ. ತಲೆಗೆ 3 ಲಕ್ಷ 10 ಸಾವಿರ. ಗುಂಪಿನಲ್ಲಿ ಹದಿನೆಂಟು ಜನ. ಏಜೆನ್ಸಿಯ ಹೆಸರು ಬರೆಯುವುದಿಲ್ಲ, ಹೆಸರು ಬೇರೆಯಾದರೂ ಹೆಚ್ಚಿನವರ ಕೆಲಸ ಇದೇ ತರಹ ಇದ್ದೀತು.

ಮೊದಲು ಥಂಡಿಯ ವಿಷಯ. ಅಲ್ಲಿ ಭೂಮಧ್ಯರೇಖೆಯ ಕೆಳಗಿನ ಲೆಕ್ಕ. ನಮಗೆ ಮಳೆಗಾಲ ಇದ್ದಾಗ ಅವರಿಗೆ ಚಳಿಗಾಲ. ಕ್ರೂಗರ್‌ನಲ್ಲಿ ಮಳೆ ಬೀಳುವುದು ಅವರ ಬೇಸಿಗೆಯಲ್ಲಿ. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಒಣಗಿ ಗಿಡ ಬೋಳಾಗಿರುತ್ತದೆ. ನೀರು ಇದ್ದಲ್ಲಿಗೇ ಪ್ರಾಣಿಗಳು ಬರಬೇಕು. ನೋಡುವವರಿಗೆ ಇದೇ ಒಳ್ಳೆ ಕಾಲ. ಮಲೇರಿಯಾದ ಭಯವೂ ಕಡಿಮೆ. ಮಧ್ಯಾಹ್ನ ಇಪ್ಪತ್ತೈದು ಡಿಗ್ರಿ, ಅಂಗಿ ಸಾಕು. ಬೆಳಗಿನ ಜಾವ ಮಾತ್ರ ಆರೇಳು ಡಿಗ್ರಿ, ಮೇಲೆ ವಾಹನ ಓಡುವಾಗಿನ ಗಾಳಿ. ಏಜೆಂಟು ಸರಿಯಾದ ತಿಂಗಳಿಗೇ ಕಳಿಸಿದ್ದ, ತಪ್ಪು ಬಟ್ಟೆ ಹೇಳಿದ್ದ.

ನಮ್ಮ ರೇಂಜರ್ ಪುಣ್ಯಾತ್ಮ, ಸೀಟಿನ ಕೆಳಗಿಂದ ಒಂದು ಕಂಬಳಿ ತೆಗೆದು ನನ್ನ ಹೆಂಡತಿಗೆ ಕೊಟ್ಟ. ಹತ್ತು ನಿಮಿಷ ಹೋಗಿರಬೇಕು, ವಾಹನ ನಿಂತಿತು. ಲೈಟಿನ ಬೆಳಕಿನಲ್ಲಿ ರಸ್ತೆಗೆ ಅಡ್ಡಲಾಗಿ ಐದು ಸಿಂಹಗಳು. ಎರಡು ದೊಡ್ಡ ಹೆಣ್ಣು, ಮೂರು ಅರೆಬೆಳೆದ ಮರಿ. ಡಾಂಬರಿಗೆ ಹೊಟ್ಟೆ ಒತ್ತಿ ಮಲಗಿದ್ದವು. ಹಗಲಿನ ಬಿಸಿಲು ಕುಡಿದ ಡಾಂಬರು ರಾತ್ರಿಯಿಡೀ ಅಷ್ಟಿಷ್ಟು ಬೆಚ್ಚಗಿರುತ್ತದೆ, ಅದಕ್ಕೇ ಇಲ್ಲಿ ಮಲಗುತ್ತವೆ ಎಂದು ರೇಂಜರ್ ಪಿಸುಗುಟ್ಟಿದ. ಹೆಂಡತಿ ಕಂಬಳಿಯೊಳಗಿಂದಲೇ, "ನೋಡ್ರಿ, ಸಿಂಹಕ್ಕೂ ಥಂಡಿ ಐತಿ. ಅದಕ್ಕೂ ಯಾರೋ ಸ್ವೆಟರ್ ಬ್ಯಾಡ ಅಂದಿರಬೇಕು" ಅಂದಳು. ಇಪ್ಪತ್ತು ನಿಮಿಷ ಹಾಗೇ ನಿಂತೆವು. ಹಾರ್ನ್ ಇಲ್ಲ, ಕೂಗಾಟ ಇಲ್ಲ. ಅವೇ ಎದ್ದು ಮೈ ಮುರಿದು ಹುಲ್ಲಿನೊಳಗೆ ಹೋದವು.

ದರೋಜಿ ಕರಡಿಧಾಮಕ್ಕೆ ಮೊಮ್ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಅಲ್ಲಿ ಬಂಡೆಗೆ ಬೆಲ್ಲದ ಪಾಕ ಸವರುತ್ತಾರೆ, ಕರಡಿ ಬಂದು ನೆಕ್ಕುತ್ತದೆ, ನಾವು ಗೋಪುರದ ಮೇಲಿಂದ ನೋಡುತ್ತೇವೆ. ಅದೂ ಚೆಂದವೇ, ಬೈಯುತ್ತಿಲ್ಲ. ಆದರೆ ಇಲ್ಲಿ ಬೆಲ್ಲ ಇಲ್ಲ, ಗೋಪುರ ಇಲ್ಲ. ಕ್ರೂಗರ್ ಹೆಚ್ಚುಕಡಿಮೆ 20 ಸಾವಿರ ಚದರ ಕಿಲೋಮೀಟರ್. ನಮ್ಮ ರಾಯಚೂರು ಜಿಲ್ಲೆಯಂಥವು ಎರಡು ಅದರೊಳಗೆ ಕೂರುತ್ತವೆ. ಇಷ್ಟು ದೊಡ್ಡ ಕಾಡಿನಲ್ಲಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ.

ಇದನ್ನು ಏಜೆನ್ಸಿಯ ಕಲರ್ ಪುಸ್ತಕ ಒಪ್ಪುವುದಿಲ್ಲ. ಅದರಲ್ಲಿ "ಬಿಗ್ ಫೈವ್ ಗ್ಯಾರಂಟಿ" ಎಂದು ಬರೆದಿತ್ತು. ಸಿಂಹ, ಆನೆ, ಕಾಡೆಮ್ಮೆ, ಘೇಂಡಾಮೃಗ, ಚಿರತೆ. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಇವೇ ಹೆಚ್ಚು ಅಪಾಯ ಎಂದು ಹಿಂದಿನ ಬೇಟೆಗಾರರು ಇಟ್ಟ ಹೆಸರಂತೆ. ನಮಗೆ ನಾಲ್ಕು ಕಂಡವು. ಚಿರತೆಗಾಗಿ ಒಂದು ಸಂಜೆ ಪೂರ್ತಿ ಮರದ ಕೊಂಬೆ ನೋಡಿ ನೋಡಿ ಕುತ್ತಿಗೆ ಹಿಡಿಯಿತು. ರಾತ್ರಿ ಊಟದ ಬಿಲ್ಲು ಕೊಡುವಾಗ ಹೆಂಡತಿ ಪರ್ಸಿನಿಂದ 200 ರ‍್ಯಾಂಡ್ ನೋಟು ಎಳೆದು, "ಇಲ್ಲೈತಿ ನೋಡ್ರಿ ಚಿರತಿ" ಅಂದಳು. ಅವರ ನೋಟುಗಳ ಒಂದು ಬದಿಗೆ ಮಂಡೇಲಾ, ಇನ್ನೊಂದು ಬದಿಗೆ ಈ ಐದು ಪ್ರಾಣಿ. ಗ್ಯಾರಂಟಿ ಅಂದರೆ ಇದೇ ಇರಬೇಕು.

ಘೇಂಡಾಮೃಗ ಕಂಡಾಗ ಮಾತ್ರ ಮನಸ್ಸು ಕೆಟ್ಟಿತು. ಎರಡು ಬಿಳಿ ಘೇಂಡಾ, ಎಮ್ಮೆಯ ಹಾಗೆ ತಲೆ ತಗ್ಗಿಸಿ ಮೇಯುತ್ತಿದ್ದವು. ಮೂಗಿನ ಮೇಲೆ ಕೊಂಬಿಲ್ಲ, ಗರಗಸದಲ್ಲಿ ಕೊಯ್ದ ಮೋಟು. ಕೊಯ್ದವರು ಕಳ್ಳರಲ್ಲ, ಪಾರ್ಕಿನವರೇ. ಕೊಂಬಿಗಾಗಿ ಪ್ರಾಣಿಯನ್ನೇ ಕೊಲ್ಲುತ್ತಾರೆಂದು ಅರಿವಳಿಕೆ ಕೊಟ್ಟು ಮೊದಲೇ ಕತ್ತರಿಸುತ್ತಾರೆ. ಉಗುರಿನಲ್ಲಿರುವ ಪದಾರ್ಥವೇ ಕೊಂಬಿನಲ್ಲೂ ಇರುವುದು. ಮತ್ತೆ ಬೆಳೆಯುತ್ತದೆ, ಮತ್ತೆ ಕತ್ತರಿಸಬೇಕು. ಕ್ಯಾಂಪಿನಲ್ಲಿ ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಗುರುತು ಹಾಕುವ ನಕಾಶೆ ಬೋರ್ಡ್ ಇದೆ. ಅದರಲ್ಲಿ ಘೇಂಡಾದ ಗುರುತು ಹಾಕುವುದಿಲ್ಲ. ಫೋಟೋ ಹಾಕಿದರೂ ಜಾಗ ಬರೆಯಬೇಡಿ ಎಂದು ರೇಂಜರ್ ಕೈಮುಗಿದ.

ಕ್ರೂಗರ್‌ನಲ್ಲಿ ನಾವು ಉಳಿದುಕೊಂಡದ್ದು ಸ್ಕುಕುಜಾ ಎಂಬ ಸರ್ಕಾರಿ ಕ್ಯಾಂಪಿನಲ್ಲಿ. ದುಂಡಗಿನ ಗೋಡೆ, ಮೇಲೆ ಹುಲ್ಲಿನ ಚಾವಣಿ, ಒಳಗೆ ಬಿಸಿನೀರು. ಗುಂಪಿನ ಕೆಲವರು "ಇಷ್ಟು ದುಡ್ಡು ಕೊಟ್ಟು ಗುಡಿಸಲಾ?" ಎಂದು ಮುಖ ಸಿಂಡರಿಸಿದರು. ನನಗೆ ಪ್ರವಾಸದಲ್ಲೇ ಅತ್ಯಂತ ಹಿಡಿಸಿದ ಜಾಗ ಅದು. ಪಕ್ಕದಲ್ಲೇ ಸೇಬಿ ನದಿ. ಇನ್ನೊಂದು ಲಾಭವೂ ಇದೆ. ಗೇಟು ತೆರೆಯುವ ಮೊದಲೇ ಕಾಡಿಗೆ ಹೊರಡುವುದು ಕ್ಯಾಂಪಿನ ಸ್ವಂತ ವಾಹನಗಳು. ಹೊರಗೆ ಉಳಿದವರು ಗೇಟಿನಲ್ಲಿ ಸಾಲು ನಿಂತಾಗ ನಾವು ಸಿಂಹ ನೋಡಿ ಮುಗಿಸಿದ್ದೆವು.

ಕೋತಿಗಳ ಬಗ್ಗೆ ಎಚ್ಚರ. ಅಂಜನಾದ್ರಿ ಹತ್ತಿಳಿದ ನಮಗೇ ಮೋಸವಾಯಿತು. ಮನೆಯಿಂದ ಒಯ್ದ ಕಡಕ್ ರೊಟ್ಟಿಯ ಡಬ್ಬಿಯನ್ನು ಕಟ್ಟೆ ಮೇಲಿಟ್ಟು ತಿರುಗುವಷ್ಟರಲ್ಲಿ ಎರಡು ರೊಟ್ಟಿ ಹೋದವು. ಬೇಜಾರಿಲ್ಲ. ಜೋಳ ಮೊದಲು ಹುಟ್ಟಿದ್ದೇ ಆಫ್ರಿಕಾದಲ್ಲಂತೆ, ತವರಿಗೆ ಎರಡು ರೊಟ್ಟಿ ಮುಟ್ಟಿದವು ಅಂದುಕೊಂಡೆವು. ಸಸ್ಯಾಹಾರಿಗಳಿಗೆ "ಪಾಪ್" ಸಿಗುತ್ತದೆ. ಬಿಳಿ ಗೋವಿನಜೋಳದ ಹಿಟ್ಟಿನದು, ನಮ್ಮ ಸಂಗಟಿಯ ದೂರದ ನೆಂಟ. ಜೊತೆಗೆ ಖಾರದ ತರಕಾರಿ ಗೊಜ್ಜು, ಚಕಲಕ ಅನ್ನುತ್ತಾರೆ. ಶೇಂಗಾ ಚಟ್ನಿಪುಡಿ ಉದುರಿಸಿಕೊಂಡರೆ ಊಟ ಆಯಿತು.

ಈಗ ದೂರು. ಜೊಹಾನ್ಸ್‌ಬರ್ಗ್ ನಿಂತಿರುವುದೇ ಚಿನ್ನದ ಮೇಲೆ. 1886ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಊರು ಎದ್ದಿತು. ಜಗತ್ತಿನ ಅತಿ ಆಳದ ಗಣಿ ಎಂಪೊನೆಂಗ್ ಆ ಕಡೆಯದೇ, ನಾಲ್ಕು ಕಿಲೋಮೀಟರಿನ ಹತ್ತಿರ ಇಳಿದಿದೆ. ನಮ್ಮ ಹಟ್ಟಿ ಗಣಿಯ ಮಲ್ಲಪ್ಪ ಶಾಫ್ಟಿನಲ್ಲಿ, ಅಂದರೆ ಗಣಿಗೆ ಇಳಿಯುವ ಬಾವಿಯಲ್ಲಿ, ಕೇಜು ಹತ್ತಿ ಇಳಿದವನಿಗೆ ಆ ಆಳ ನೆನೆದೇ ಕಿವಿ ಮುಚ್ಚಿಕೊಂಡಂತಾಗುತ್ತದೆ. ಬಸ್ಸಿನ ಕಿಟಕಿಯಿಂದ ಹಳದಿ ಗುಡ್ಡಗಳು ಕಂಡವು. ಬೇರೆಯವರಿಗೆ ಮಣ್ಣಿನ ದಿಬ್ಬ, ನನಗೆ ನೋಡಿದ ಕೂಡಲೇ ಗೊತ್ತಾಯಿತು, ಟೇಲಿಂಗ್ಸ್. ಅದಿರು ಅರೆದು ಚಿನ್ನ ತೆಗೆದು ಬಿಸಾಕಿದ ಪುಡಿ. "ಹತ್ತು ನಿಮಿಷ ನಿಲ್ಲಿಸಪ್ಪಾ" ಅಂದೆ. ಟೂರ್ ಮ್ಯಾನೇಜರ್ ಟೈಮ್ ಇಲ್ಲ ಅಂದ. ಅದೇ ಮಧ್ಯಾಹ್ನ ಒಂದು ವಜ್ರದ ಅಂಗಡಿಯಲ್ಲಿ ಒಂದೂವರೆ ತಾಸು ಕೂರಿಸಿದ. ಹದಿನೆಂಟು ಜನರಲ್ಲಿ ಕೊಂಡವರು ಯಾರೂ ಇಲ್ಲ. ಈ ಒಂದೂವರೆ ತಾಸನ್ನು ನಾನು ಇನ್ನೂ ಮರೆತಿಲ್ಲ.

ವಿಕ್ಟೋರಿಯಾ ಜಲಪಾತ ಬೇಗ ಹೇಳಿ ಮುಗಿಸುತ್ತೇನೆ. ಎತ್ತರ 108 ಮೀಟರ್, ನಮ್ಮ ಜೋಗದ ಅರ್ಧವೂ ಇಲ್ಲ. ಆದರೆ ಅಗಲ 1.7 ಕಿಲೋಮೀಟರ್. ಕೆಳಗಿಂದ ಮೇಲಕ್ಕೆ ಮಳೆ ಬಂದಂತೆ ತುಂತುರು ಹಾರುತ್ತದೆ, ರೇನ್‌ಕೋಟ್ ಬಾಡಿಗೆಗೆ ಸಿಗುತ್ತದೆ. ಹೊರಗೆ ಒಬ್ಬ ಹುಡುಗ ಜಿಂಬಾಬ್ವೆಯ ಹಳೆ ನೋಟು ಮಾರುತ್ತಿದ್ದ, ನೂರು ಟ್ರಿಲಿಯನ್ ಡಾಲರಿನದು, ಒಂದರ ಮುಂದೆ ಹದಿನಾಲ್ಕು ಸೊನ್ನೆ. ನಮ್ಮ ಲೆಕ್ಕದಲ್ಲಿ ಕೋಟಿ ಕೋಟಿ. ಒಂದು ಕೊಂಡು ಮೊಮ್ಮಗನಿಗೆ ಕೊಟ್ಟೆ, ಅವನು ಈಗ ಓಣಿಗೆಲ್ಲ ಕುಬೇರ.

ಬೋಟ್ಸ್‌ವಾನಾದ ಚೋಬೆ ಹೊಳೆಯ ದೋಣಿ ಸವಾರಿ ಮಾತ್ರ ತಪ್ಪಿಸಬೇಡಿ. ಜಗತ್ತಿನಲ್ಲಿ ಅತಿ ಹೆಚ್ಚು ಆನೆ ಇರುವ ದೇಶ ಬೋಟ್ಸ್‌ವಾನಾ. ಸಂಜೆ ಹೊಳೆಯಲ್ಲಿ ಆನೆಗಳು ಸೊಂಡಿಲು ಮೇಲೆತ್ತಿ ನಡುವಿನ ಸೆಡುಡು ದ್ವೀಪಕ್ಕೆ ಈಜುತ್ತಿದ್ದವು. ಈ ದ್ವೀಪಕ್ಕಾಗಿ ನಮೀಬಿಯಾ, ಬೋಟ್ಸ್‌ವಾನಾ ಎರಡೂ ಅಂತಾರಾಷ್ಟ್ರೀಯ ಕೋರ್ಟಿಗೆ ಹೋಗಿ, 1999ರಲ್ಲಿ ಅದು ಬೋಟ್ಸ್‌ವಾನಾಕ್ಕೆ ಸೇರಿತು. ಆನೆಗಳಿಗೆ ಆ ತೀರ್ಪು ಯಾರೂ ಓದಿ ಹೇಳಿಲ್ಲ. ಹೆಣ್ಣಾನೆಗೂ ದಂತ ಇದ್ದದ್ದು ನೋಡಿ ಹೆಂಡತಿ ಮರಿ ಜೊತೆಗಿರುವುದೆಲ್ಲ ಗಂಡಾನೆ ಅಂದುಕೊಂಡಿದ್ದಳು. ಅಲ್ಲಿ ಗಂಡು ಹೆಣ್ಣು ಎರಡಕ್ಕೂ ದಂತ ಬರುವುದು ಸಾಮಾನ್ಯ, ನಮ್ಮ ಕಡೆ ಹಾಗಲ್ಲ.

ಏಜೆನ್ಸಿಗೆ ಹತ್ತಕ್ಕೆ ಐದು. ವೀಸಾದ ಕಾಗದಪತ್ರ ಚೊಕ್ಕ ಮಾಡಿದ್ದರು. ಬೋಟ್ಸ್‌ವಾನಾಕ್ಕೆ ಹೋಗಿ ಅದೇ ದಿನ ಜಿಂಬಾಬ್ವೆಗೆ ಮರಳಲು ನಮಗೆ ಎರಡು ಸಲ ಪ್ರವೇಶದ ವೀಸಾ ಬೇಕಿತ್ತು, ಅದನ್ನೂ ಮರೆತಿರಲಿಲ್ಲ. ಕ್ರೂಗರ್‌ಗೆ ಎರಡೇ ರಾತ್ರಿ ಇಟ್ಟದ್ದು ದೊಡ್ಡ ತಪ್ಪು, ನಾಲ್ಕಾದರೂ ಬೇಕು. ಮಗನಿಗೆ ಹೇಳಿದ್ದೇನೆ: ಮುಂದಿನ ಸಲ ಏಜೆಂಟು ಬೇಡ, ಬಾಡಿಗೆ ಕಾರು ಸಾಕು. ಅಲ್ಲಿ ಸ್ವಂತ ಗಾಡಿಯಲ್ಲೇ ಕಾಡು ಸುತ್ತಲು ಬಿಡುತ್ತಾರೆ. ಡಾಂಬರು ರಸ್ತೆಯಲ್ಲಿ 50, ಮಣ್ಣಿನ ದಾರಿಯಲ್ಲಿ 40ರ ಸ್ಪೀಡು. ಗಾಡಿ ಓಡಿಸುವುದೂ ನಮ್ಮ ಹಾಗೆ ಎಡಗಡೆಗೇ.

ಸ್ಕುಕುಜಾದ ಅಂಗಡಿಯಲ್ಲಿ ಎರಡನೇ ದಿನ ಕೊಂಡ ಎರಡು ಸ್ವೆಟರ್ ಹಟ್ಟಿಯ ನಮ್ಮ ಟ್ರಂಕಿನಲ್ಲಿವೆ. ಇಲ್ಲಿ ಅವನ್ನು ಹಾಕುವ ದಿನ ವರ್ಷಕ್ಕೆ ಒಂದೂ ಬರುವುದಿಲ್ಲ. ಜುಲೈನಲ್ಲಿ ಆ ಕಡೆ ಹೊರಟವರು ಬಂದು ಒಯ್ಯಬಹುದು, ತೊಳೆದು ವಾಪಸ್ ಕೊಡಬೇಕು ಅಷ್ಟೇ.