ದೊಡ್ಡ ಹಡಗಾ, ರಾತ್ರಿ ಫೆರ್ರಿಯಾ? ಮೆಡಿಟರೇನಿಯನ್ ಬಂದರುಗಳನ್ನು ಎರಡು ಥರ ಸುತ್ತಿದ ಮೇಲೆ

ಊರಿಗೆ ಫೋನ್ ಮಾಡಿದಾಗೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ, ಯುರೋಪಿನಲ್ಲಿ ಕ್ರೂಸ್ ಹೋದರೆ ಹೇಗೆ ಅಂತ. ನಾವಿರುವುದು ಮ್ಯೂನಿಕ್‌ನಲ್ಲಿ. 2023ರ ಜುಲೈಯಲ್ಲಿ ಮಂಗಳೂರಿನಿಂದ ಅಮ್ಮ ಬಂದಿದ್ದರು. ಅವರನ್ನು ಕರೆದುಕೊಂಡು ಏಳು ರಾತ್ರಿಯ ದೊಡ್ಡ ಹಡಗು ಹತ್ತಿದೆವು: ಜಿನೋವಾ, ಚಿವಿತಾವೆಕ್ಕಿಯಾ, ಸಿಸಿಲಿ ದ್ವೀಪದ ಪಲೆರ್ಮೊ, ಮಾಲ್ಟಾದ ವಲೆಟ್ಟಾ, ಬಾರ್ಸಿಲೋನಾ, ಮಾರ್ಸೇ, ತಿರುಗಿ ಜಿನೋವಾ. ಮರುವರ್ಷ ಜೂನ್‌ನಲ್ಲಿ ನಾನು, ಹೆಂಡತಿ ಇಬ್ಬರೇ. ಹೆಗಲಿಗೆ ಬ್ಯಾಗು, ರೈಲು, ಬಸ್ಸು, ಫೆರ್ರಿ. ನೇಪಲ್ಸ್, ಪಲೆರ್ಮೊ, ವಲೆಟ್ಟಾ ಅಷ್ಟೇ. ಅಂದರೆ ಪಲೆರ್ಮೊ ಮತ್ತು ವಲೆಟ್ಟಾ ಎರಡನ್ನೂ ಎರಡೂ ಥರ ನೋಡಿದ್ದೇನೆ, ಹಾಗಾಗಿ ಈ ಹೋಲಿಕೆಗೆ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲೇ ಒಂದು ಮಾತು. ಕ್ರೂಸ್ ಬುಕ್ ಮಾಡುವಾಗ ಜನ ನೋಡುವುದು ಈಜುಕೊಳ, ಬಾಲ್ಕನಿ, ಊಟ. ನೋಡಬೇಕಾದ್ದು ಹಡಗು ನಿಲ್ಲುವ ಜಾಗದಿಂದ ಊರು ಎಷ್ಟು ದೂರ ಅನ್ನೋದು. ಇದು ನನಗೆ ಗೊತ್ತಾಗಿದ್ದು ಎರಡನೇ ದಿನ, ರೋಮ್ ಅಂತ ಹೇಳಿ ಚಿವಿತಾವೆಕ್ಕಿಯಾದಲ್ಲಿ ಇಳಿಸಿದಾಗ. ರೋಮ್ ಅಲ್ಲಿಂದ ಎಪ್ಪತ್ತು ಕಿಲೋಮೀಟರ್ ಮೇಲೆ! ಹಡಗಿನವರೇ ಮಾರುವ ಬಸ್ ಟಿಕೆಟ್ ತಗೊಂಡೆವು. ಹೋಗುವಾಗ ಟ್ರಾಫಿಕ್ ಜಾಮ್, ಬರುವಾಗ ಇನ್ನೊಂದು ಬಸ್ಸಿನವರಿಗೆ ಕಾಯೋದು, ನಡುವೆ ಕೊಲೋಸಿಯಂ ಹೊರಗೆ ನಿಂತು ಬಿಸಿಲಲ್ಲಿ ಫೋಟೋ. ಒಳಗೆ ಹೋಗಲೇ ಇಲ್ಲ. ರೈಲಿನಲ್ಲಿ ಹೋಗಿದ್ದರೆ ಸುಮಾರು ಒಂದು ಗಂಟೆ, ದುಡ್ಡೂ ಕಮ್ಮಿ. ಆದರೆ ಅಮ್ಮನ ಮಂಡಿ ನೋವು, ತಡವಾದರೆ ಹಡಗು ಬಿಟ್ಟು ಹೋಗುತ್ತದೆಂಬ ಹೆದರಿಕೆ, ಹೀಗಾಗಿ ಸುಮ್ನೆ ಬಸ್ ಹತ್ತಿದ್ದು. ಆ ಹೆದರಿಕೆಯ ಮೇಲೇ ಅವರ ವ್ಯಾಪಾರ ನಡೆಯೋದು ಬಿಡಿ.

ಮಾರ್ಸೇಯಲ್ಲೂ ಇದೇ ಕಥೆ. ಕ್ರಿಸ್ತಪೂರ್ವ 600ರ ಸುಮಾರಿಗೆ ಗ್ರೀಕರು ಬಂದು ಕಟ್ಟಿದ ಊರು ಅದು, ಹಳೇ ಬಂದರು ಈಗಲೂ ಊರಿನ ಮಧ್ಯದಲ್ಲೇ ಇದೆ. ಆದರೆ ಕ್ರೂಸ್ ಹಡಗು ನಿಲ್ಲುವುದು ಅಲ್ಲಿಂದ ಏಳೆಂಟು ಕಿಲೋಮೀಟರ್ ಆಚೆ, ಕ್ರೇನು ಕಂಟೇನರ್‌ಗಳ ನಡುವೆ. ಬಾರ್ಸಿಲೋನಾ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಅಷ್ಟು ಹೊತ್ತಿಗೆ ಸುಸ್ತಾಗಿತ್ತು, ಕೊಲಂಬಸ್ ಕಂಬದ ತನಕ ಹೋಗಿ ಐಸ್‌ಕ್ರೀಮ್ ತಿಂದು ವಾಪಸ್ ಬಂದೆವು.

ಪಲೆರ್ಮೊ ಬೇರೆ. ಅಲ್ಲಿ ಹಡಗಿನಿಂದ ಇಳಿದು ರಸ್ತೆ ದಾಟಿದರೆ ಊರು. ಮೊದಲ ಸಲ ಅಮ್ಮನ ಜೊತೆ ನಿಧಾನವಾಗಿ ಬಲ್ಲಾರೊ ಸಂತೆಗೆ ಹೋದೆವು. ಅಲ್ಲಿ ಪನೆಲ್ಲೆ ಅಂತ ಮಾರುತ್ತಾರೆ. ಕಡ್ಲೆಹಿಟ್ಟನ್ನು ನೀರಲ್ಲಿ ಗಟ್ಟಿಯಾಗಿ ಮಗುಚಿ, ತೆಳ್ಳಗೆ ಕತ್ತರಿಸಿ ಎಣ್ಣೆಯಲ್ಲಿ ಕರಿದು, ಎಳ್ಳು ಹಚ್ಚಿದ ಬನ್ನಿನೊಳಗಿಟ್ಟು, ಮೇಲೆ ನಿಂಬೆ ಹಿಂಡಿ ಕೊಡೋದು. ಅಮ್ಮ ಒಂದು ಕಚ್ಚಿ, "ಸ್ವಲ್ಪ ಓಮ ಹಾಕಬೇಕಿತ್ತು ಮಾರಾಯ" ಅಂದರು. ಆದರೂ ಪೂರ್ತಿ ತಿಂದರು, ಇನ್ನೊಂದು ಕಟ್ಟಿಸಿಕೊಂಡರು. ಮಧ್ಯಾಹ್ನ ಮೂರಕ್ಕೆಲ್ಲ ಹಡಗಿನ ಕಡೆ ಓಟ.

ಎರಡನೇ ಸಲ ನೇಪಲ್ಸ್‌ನಿಂದ ರಾತ್ರಿ ಫೆರ್ರಿ. ಎಂಟರ ಸುಮಾರಿಗೆ ಹೊರಟು ಬೆಳಿಗ್ಗೆ ತಲುಪೋದು. ದುಡ್ಡು ಉಳಿಸೋಣ ಅಂತ ನಾನು ಕ್ಯಾಬಿನ್ ಬಿಟ್ಟು ಕುರ್ಚಿ ಟಿಕೆಟ್ ಮಾಡಿದ್ದೆ. ದೊಡ್ಡ ತಪ್ಪು. ಏಸಿ ಎಷ್ಟು ಜೋರಾಗಿತ್ತು ಅಂದರೆ ಜೂನ್ ತಿಂಗಳಲ್ಲಿ ಜಾಕೆಟ್, ಮೇಲೊಂದು ಟವೆಲ್, ಅದರ ಮೇಲೆ ಹೆಂಡತಿಯ ದುಪಟ್ಟಾ. ಅನುಭವ ಇದ್ದವರೆಲ್ಲ ಚಾಪೆ ತಂದು ಕುರ್ಚಿ ಸಾಲಿನ ನಡುವೆ ನೆಲದ ಮೇಲೆ ಆರಾಮಾಗಿ ಗೊರಕೆ ಹೊಡೆಯುತ್ತಿದ್ದರು. ಐದೂವರೆಗೆ ನಾನು ಡೆಕ್ಕಿಗೆ ಬಂದೆ. ಎಣ್ಣೆ ವಾಸನೆ, ಕೈಗಂಟುವ ಉಪ್ಪು, ಎದುರಿಗೆ ಮೊಂತೆ ಪೆಲ್ಲೆಗ್ರಿನೊ ಬೆಟ್ಟ ಇನ್ನೂ ಕಪ್ಪಗೆ. ಇಳಿದು ಬಲ್ಲಾರೊ ತಲುಪಿದಾಗ ಅಂಗಡಿಯವರು ಮೀನಿನ ಮೇಲೆ ಐಸು ಸುರಿಯುತ್ತಿದ್ದರು. ಇದೇ ಸಂತೆಯನ್ನು ಕ್ರೂಸ್‌ನಲ್ಲಿ ಬಂದಾಗ ನೋಡಿದ್ದು ಬೇರೆ ಹಡಗಿನವರ ಬೆನ್ನುಗಳ ನಡುವೆ.

ಆ ದಿನ ಬಾಗಿಲು ತೆಗೆಯುವಾಗಲೇ ಕಪೆಲ್ಲಾ ಪಲಾಟಿನಾಕ್ಕೆ ಹೋದೆವು. ಸಿಸಿಲಿಯ ರಾಜ ಎರಡನೇ ರೋಜರ್ 1132ರಲ್ಲಿ ಕಟ್ಟಿಸಲು ಶುರುಮಾಡಿದ ಅರಮನೆ ಚರ್ಚು. ಗೋಡೆಯಲ್ಲಿ ಗ್ರೀಕರ ಕೈಕೆಲಸದ ಚಿನ್ನದ ಮೊಸಾಯಿಕ್, ಮೇಲೆ ಅರಬ್ಬರ ಶೈಲಿಯ ಮರದ ಚಾವಣಿ. ಮಂಗಳೂರಿನವನಿಗೆ ಅಲ್ಲಿ ಇನ್ನೊಂದು ಗುಂಗು ಹಿಡಿಯುತ್ತದೆ. ಅದೇ 1132ರ ಹೊತ್ತಿಗೆ ಟ್ಯುನೀಷಿಯಾದ ಮಹ್ದಿಯಾ ಊರಿನ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ನಮ್ಮ ಮಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದ, ಅಶು ಎಂಬ ಹೆಂಗಸಿನ ಜೊತೆ ಸಂಸಾರ ಹೂಡಿದ್ದ. ಅವನ ಕಾಗದಪತ್ರಗಳು ಸಿಕ್ಕಿದ್ದು ಕೈರೋದ ಹಳೇ ಸಿನಗಾಗಿನಲ್ಲಿ. 1148ರಲ್ಲಿ ರೋಜರನ ಪಡೆ ಮಹ್ದಿಯಾ ಹಿಡಿದಾಗ ಬೆನ್ ಯಿಜುವಿನ ಒಡಹುಟ್ಟಿದವರು ಊರು ಬಿಟ್ಟು ಬಂದು ಸೇರಿದ್ದು ಇದೇ ಸಿಸಿಲಿ ದ್ವೀಪಕ್ಕೆ. ಚಾವಣಿ ನೋಡುತ್ತಾ ಇದನ್ನೆಲ್ಲ ಹೆಂಡತಿಗೆ ಹೇಳಿ ಮುಗಿಸುವಷ್ಟರಲ್ಲಿ ಹತ್ತು ಗಂಟೆ, ಬಸ್ಸುಗಳು ಬಂದವು, ನಾವು ಹೊರಬಿದ್ದೆವು.

ಇಲ್ಲಿ ತನಕ ಓದಿ ಫೆರ್ರಿಯೇ ಗೆದ್ದಿತು ಅಂದುಕೊಂಡಿರಾ? ವಲೆಟ್ಟಾ ಕೇಳಿ. ದೊಡ್ಡ ಹಡಗು ಬೆಳಗಿನ ಜಾವ ಗ್ರ್ಯಾಂಡ್ ಹಾರ್ಬರಿನೊಳಗೆ ನುಗ್ಗುವಾಗ ಬಾಲ್ಕನಿಯಲ್ಲಿ ಕುಳಿತಿರಬೇಕು. ಬಲಕ್ಕೆ ಸೇಂಟ್ ಎಲ್ಮೊ ಕೋಟೆ, ಆಮೇಲೆ ಸುಣ್ಣದಕಲ್ಲಿನ ಗೋಡೆಯೇ ಗೋಡೆ, ಬಿಸಿಲು ಬಿದ್ದಂತೆ ಬೂದು ಬಣ್ಣ ಹೋಗಿ ಜೇನಿನ ಬಣ್ಣ ಬರುತ್ತದೆ. 1565ರಲ್ಲಿ ತುರ್ಕರ ಮುತ್ತಿಗೆ ತಡೆದುಕೊಂಡ ಮೇಲೆ, 1566ರಲ್ಲಿ ಅಡಿಪಾಯ ಹಾಕಿದ ಊರು. ಅಮ್ಮ ಕೈಯಲ್ಲಿ ಕಾಫಿ ಹಿಡಿದುಕೊಂಡವರು ಕುಡಿಯೋದನ್ನೇ ಮರೆತಿದ್ದರು. ಮರುವರ್ಷ ನಾವು ಸಿಸಿಲಿಯ ಪೊತ್ಸಾಲ್ಲೊದಿಂದ ಕ್ಯಾಟಮರಾನ್ (ಜೋಡಿ ಒಡಲಿನ ವೇಗದ ಫೆರ್ರಿ) ಹಿಡಿದು ಬಂದೆವು. ಗಾಳಿ ಜೋರು ಅಂತ ಹೊರಡುವುದೇ ಮೂರು ಗಂಟೆ ತಡ, ನೆರಳಿಗೆ ಜಾಗ ಇಲ್ಲ, ಹೇಳುವವರು ಯಾರೂ ಇಲ್ಲ. ಒಳಗೆ ಅರ್ಧ ಜನರ ಕೈಯಲ್ಲಿ ವಾಂತಿ ಕವರ್. ಬಂದರಿನೊಳಗೆ ಬಂದಿದ್ದೂ ಗೊತ್ತಾಗಲಿಲ್ಲ, ಗಾಜಿನ ಮೇಲೆ ಅಷ್ಟು ಉಪ್ಪು.

ಅಮ್ಮನಂಥವರಿಗೆ ವಲೆಟ್ಟಾದಲ್ಲಿ ಇನ್ನೊಂದು ಅನುಕೂಲ, ದಂಡೆಯಿಂದ ಮೇಲಿನ ಬರಾಕ್ಕಾ ಉದ್ಯಾನಕ್ಕೆ 58 ಮೀಟರ್ ಲಿಫ್ಟ್ ಇದೆ. ಒಂದು ಮೆಟ್ಟಿಲೂ ಹತ್ತದೆ ಮಧ್ಯಾಹ್ನ ಹನ್ನೆರಡರ ತೋಪಿನ ಸದ್ದು ಕೇಳಿ ಬಂದೆವು. ಸೇಂಟ್ ಜಾನ್ ಕೋ-ಕ್ಯಾಥೆಡ್ರಲ್ ಮಾತ್ರ ಕ್ಯೂ ನೋಡಿ ಬಿಟ್ಟಿದ್ದೆವು. ಅದನ್ನು ನೋಡಿದ್ದು ಎರಡನೇ ಸಲ, ಊರಲ್ಲೇ ಎರಡು ರಾತ್ರಿ ಉಳಿದಿದ್ದಕ್ಕೆ. ಇಟಲಿಯ ಚಿತ್ರಕಾರ ಕಾರವಾಜೊ 1608ರಲ್ಲಿ ಬಿಡಿಸಿದ ಸಂತ ಯೋಹಾನನ ಶಿರಚ್ಛೇದದ ಚಿತ್ರ ಗೋಡೆ ತುಂಬ ಇದೆ, ಕತ್ತಿನಿಂದ ಹರಿದ ರಕ್ತದಲ್ಲೇ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಅದೊಂದೇ.

ದುಡ್ಡಿನ ವಿಷಯ. ಕ್ರೂಸ್ ಟಿಕೆಟ್ ನೋಡಿದಾಗ ಅಗ್ಗ ಅನಿಸಿತು. ಆಮೇಲೆ ತಲೆಗೆ ದಿನಕ್ಕಿಷ್ಟು ಅಂತ ಟಿಪ್ಸು, ನೀರಿನ ಬಾಟಲಿ, ವೈಫೈ, ಆ ರೋಮ್ ಬಸ್ಸು, ಎಲ್ಲ ಸೇರಿ ಕೊನೆಯ ದಿನ ರೂಮಿನ ಬಾಗಿಲಿಗೆ ಬಂದ ಬಿಲ್ಲು ನೋಡಿ ನಾನು ಮಾತಾಡಲಿಲ್ಲ. ಫೆರ್ರಿ ಪ್ರವಾಸದಲ್ಲಿ ಟಿಕೆಟ್ ಕಮ್ಮಿ, ಹೋಟೆಲು ಜಾಸ್ತಿ. ದಿನದ ಲೆಕ್ಕ ಹಾಕಿದರೆ ಇಬ್ಬರಿಗೆ ಅಂಥಾ ವ್ಯತ್ಯಾಸ ಏನಿಲ್ಲ. ಊಟದಲ್ಲಿ ಹಡಗೇ ಮೇಲು, ಬಫೆಯಲ್ಲಿ ದಿನಾ ಅನ್ನ, ಗಟ್ಟಿ ಮೊಸರು ಇತ್ತು. ಉಪ್ಪಿನಕಾಯಿ ಅಮ್ಮನ ಬ್ಯಾಗಿನಲ್ಲಿತ್ತು.

ಅಮ್ಮ ಇನ್ನೊಮ್ಮೆ ಬಂದರೆ ಹಡಗೇ ಹತ್ತಿಸುತ್ತೇನೆ, ಆದರೆ ರೋಮ್, ಫ್ಲಾರೆನ್ಸ್ ಅಂತ ಆಸೆ ತೋರಿಸಿ ಚಿವಿತಾವೆಕ್ಕಿಯಾ, ಲಿವೊರ್ನೊದಲ್ಲಿ ಇಳಿಸುವಂಥದ್ದು ಬೇಡ. ನೇಪಲ್ಸ್ ಇರುವಂಥದ್ದು ಹುಡುಕುತ್ತೇನೆ, ಅಲ್ಲಿ ಹಡಗು ನಿಲ್ಲುವುದೇ ಕೋಟೆಯ ಬುಡದಲ್ಲಿ. ನಾವಿಬ್ಬರೇ ಆದರೆ ಮುಂದಿನದು ಇಟಲಿಯ ಬಾರಿ ಊರಿನಿಂದ ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ, ರಾತ್ರಿ ಫೆರ್ರಿ. ಕ್ಯಾಬಿನ್ ಇಲ್ಲದಿದ್ದರೆ ನೀವೊಬ್ಬರೇ ಹೋಗಿ ಬನ್ನಿ ಅಂತ ಹೆಂಡತಿ ಈಗಾಗಲೇ ಹೇಳಿಯಾಗಿದೆ.